ಬಳ್ಳಾರಿ ಬಿಸಿಲಲ್ಲಿ ಮೊದಲ ಮರೈನ್ ಟ್ಯಾಂಕ್: ನೀರಿನಿಂದ ಪಾಚಿವರೆಗೆ ಒಂದೊಂದೇ ಹಂತ

ಬಳ್ಳಾರಿ, ಗಂಗಾವತಿ, ಸಿಂಧನೂರು, ರಾಯಚೂರು ಕಡೆಯಿಂದ ನನಗೆ ಬರುವ ಮರೈನ್ ಟ್ಯಾಂಕ್ (ಕಡಲ ಮೀನು ಸಾಕುವ ಉಪ್ಪುನೀರಿನ ತೊಟ್ಟಿ) ಫೋಟೋಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಕಲ್ಲಿನ ಮೇಲೆ ಹಸಿರು ಕೂದಲು, ಮರಳಿನ ಮೇಲೆ ಕಂದು ಪದರ, ಮೂಲೆಯಲ್ಲಿ ಮೇಲುಸಿರು ಬಿಡುತ್ತಿರುವ ಒಂದು ಕ್ಲೌನ್ ಮೀನು. ಪ್ರಶ್ನೆಯೂ ಒಂದೇ: "ಪಾಚಿಗೆ ಯಾವ ಔಷಧಿ ಹಾಕಲಿ ಅಣ್ಣಾ?" ನಾನು ತಿರುಗಿ ಮೂರು ಮಾತು ಕೇಳುತ್ತೇನೆ. ಯಾವ ನೀರು ತುಂಬಿಸಿದಿರಿ? ಎಷ್ಟನೇ ದಿನ ಮೀನು ಬಿಟ್ಟಿರಿ? ಮಧ್ಯಾಹ್ನ ಮೂರಕ್ಕೆ ಟ್ಯಾಂಕಿನ ನೀರು ಎಷ್ಟು ಡಿಗ್ರಿ? ಈ ಮೂರಕ್ಕೂ ಸರಿಯಾದ ಉತ್ತರ ಇರುವ ಮನೆಯಿಂದ ಇಂಥ ಫೋಟೋ ಬರುವುದು ತೀರಾ ಕಡಿಮೆ.

ಪಾಚಿ ಕಣ್ಣಿಗೆ ಬೀಳುವುದು ಇವತ್ತು. ತಪ್ಪು ಆಗಿರುವುದು ಎರಡು ತಿಂಗಳ ಹಿಂದೆ. ಅದಕ್ಕೇ ಇಲ್ಲಿ ಪಾಚಿಯ ಮಾತು ಕೊನೆಯಲ್ಲಿ ಬರುತ್ತದೆ, ದಯವಿಟ್ಟು ಅಲ್ಲಿಗೇ ಹಾರಬೇಡಿ. ಲೆಕ್ಕಕ್ಕೆ ನಾನು 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇಟ್ಟುಕೊಂಡಿದ್ದೇನೆ. ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್. ಕಲ್ಲು, ಮರಳು, ಮೇಲೆ ಬಿಡುವ ಜಾಗ ಕಳೆದರೆ ನಿಜವಾದ ನೀರು 150 ಲೀಟರ್ ಅಂದುಕೊಳ್ಳಿ. ಇದಕ್ಕಿಂತ ಚಿಕ್ಕದು ಬೇಡ. ನೀರು ಕಡಿಮೆ ಇದ್ದಷ್ಟೂ ಬಿಸಿಯೂ ಉಪ್ಪೂ ಬೇಗ ಏರುತ್ತವೆ, ನಮ್ಮ ಹವೆಯಲ್ಲಿ ಅದು ಮೊದಲ ಬಾರಿಯವರ ಕೈಗೆ ಸಿಗುವುದಿಲ್ಲ.

ಹಂತ 1: ಯಾವ ತಿಂಗಳು, ಯಾವ ಜಾಗ

ದಸರಾ ಮುಗಿದ ಮೇಲೆ ಶುರು ಮಾಡಿ. ಯುಗಾದಿ ಹತ್ತಿರ ಬಂದಾಗ ಶುರು ಮಾಡಬೇಡಿ. ಅಕ್ಟೋಬರ್‌ನಲ್ಲಿ ನೀರು ತುಂಬಿದರೆ ಡಿಸೆಂಬರ್ ಹೊತ್ತಿಗೆ ಮೊದಲ ಮೀನು ಬರುತ್ತದೆ, ಬಿಸಿಲು 40 ಡಿಗ್ರಿ ಮುಟ್ಟುವ ಏಪ್ರಿಲ್‌ಗೆ ಟ್ಯಾಂಕ್ ಆರು ತಿಂಗಳು ಹಳೆಯದಾಗಿ ಗಟ್ಟಿಯಾಗಿರುತ್ತದೆ. ಮಾರ್ಚ್‌ನಲ್ಲಿ ಶುರು ಮಾಡಿದವರಿಗೆ ಹೊಸ ಟ್ಯಾಂಕಿನ ತಾಪತ್ರಯ, ಬೇಸಿಗೆಯ ತಾಪತ್ರಯ ಎರಡೂ ಒಟ್ಟಿಗೆ ತಲೆ ಮೇಲೆ ಬೀಳುತ್ತವೆ.

ಜಾಗ ಮನೆಯ ಒಳಗೋಡೆಯ ಪಕ್ಕ ಇರಲಿ. ಪಡುವಣ ದಿಕ್ಕಿನ ಗೋಡೆ ಸಂಜೆ ಮುಟ್ಟಿದರೆ ಬೆಚ್ಚಗಿರುತ್ತದೆ, ಆ ಬಿಸಿ ರಾತ್ರಿ ಹತ್ತರವರೆಗೂ ಇಳಿಯುವುದಿಲ್ಲ. ಮೇಲೆ ಬರೀ ಆರ್‌ಸಿಸಿ ಮಾಳಿಗೆ ಇರುವ ಕೋಣೆಗಿಂತ ಕೆಳಗಿನ ಮಹಡಿಯ ಕೋಣೆ ವಾಸಿ. ಕಿಟಕಿಯ ಬಿಸಿಲು ಟ್ಯಾಂಕಿಗೆ ಬೀಳಲೇಬಾರದು. ಅದಿರಿನ ಲಾರಿ ಓಡಾಡುವ ರಸ್ತೆ ಹತ್ತಿರ ಮನೆ ಇದ್ದರೆ ಕೆಂಪು ಧೂಳಿನ ಬಗ್ಗೆಯೂ ಯೋಚಿಸಿ. ಕಬ್ಬಿಣ ಪಾಚಿಗೆ ಗೊಬ್ಬರ ಇದ್ದಂತೆ.

ತುಂಬಿದ ಟ್ಯಾಂಕ್, ಕಲ್ಲು, ಸ್ಟ್ಯಾಂಡ್ ಸೇರಿ ಕಾಲು ಟನ್ ಸುತ್ತಮುತ್ತ ಭಾರ ಬರುತ್ತದೆ. ಹಳೆ ಮನೆಗಳಲ್ಲಿ ಕಡಪ ಕಲ್ಲಿನ ನೆಲ ಇರುತ್ತದೆ ಅಲ್ವಾ, ಅದು ಕಣ್ಣಿಗೆ ಸಮ ಕಂಡರೂ ಸಮ ಇರುವುದಿಲ್ಲ. ಗಾರೆ ಮೇಸ್ತ್ರಿಯ ಹತ್ತಿರ ಸ್ಪಿರಿಟ್ ಲೆವೆಲ್ ಇಸಿದುಕೊಂಡು ನಾಲ್ಕೂ ಕಡೆ ನೋಡಿ, ಸ್ಟ್ಯಾಂಡಿನ ಕಾಲ ಕೆಳಗೆ ಸರಿಮಾಡಿ. ನೀರು ತುಂಬಿದ ಮೇಲೆ ಒಂದು ಮೂಲೆಯಲ್ಲಿ ನೀರಿನ ಗೆರೆ ಮೇಲೆ ಕಂಡರೆ ಅವತ್ತೇ ಖಾಲಿ ಮಾಡಿ ಮತ್ತೆ ಕೂರಿಸಿ. ಸುಮ್ನೆ ಬಿಟ್ಟರೆ ಒಂದಲ್ಲ ಒಂದು ದಿನ ಗಾಜಿನ ಬೆಸುಗೆ ಬಿಡುತ್ತದೆ.

ಹಂತ 2: ಕೊಳ್ಳಬೇಕಾದ ಸಾಮಾನು

ದುಡ್ಡು ಎಲ್ಲಿ ಹಾಕಬೇಕು ಅನ್ನುವುದರಲ್ಲೇ ತುಂಬಾ ಜನ ಎಡವುತ್ತಾರೆ. ದೊಡ್ಡ ಲೈಟಿಗೆ ಸಾವಿರಾರು ರೂಪಾಯಿ ಕೊಟ್ಟು, ನೀರಿನಲ್ಲಿ ಕರಗಿರುವ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್‌ಗೆ ಕೆಲವು ನೂರು ಕೊಡಲು ಹಿಂದೆಮುಂದೆ ನೋಡುತ್ತಾರೆ. ಮೀನು ಮಾತ್ರ ಸಾಕುವ ಟ್ಯಾಂಕಿಗೆ ಸಾಧಾರಣ ಎಲ್‌ಇಡಿ ಸಾಕು. ಲೈಟು ಜಾಸ್ತಿ ಆದಷ್ಟೂ ಬೆಳೆಯುವುದು ಪಾಚಿಯೇ.

ಮೊದಲು ಅಳತೆಯ ಸಾಮಾನು ತನ್ನಿ: ಟಿಡಿಎಸ್ ಮೀಟರ್, ಥರ್ಮಾಮೀಟರ್, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್, ಅದನ್ನು ಸರಿಮಾಡಲು 35 ಪಿಪಿಟಿಯ (ಸಾವಿರ ಭಾಗದಲ್ಲಿ 35 ಭಾಗ ಉಪ್ಪಿರುವ) ದ್ರಾವಣ, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಫಾಸ್ಫೇಟ್‌ಗಳ ಟೆಸ್ಟ್ ಕಿಟ್. ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಆದರೆ ಒಂದು ಗುಳ್ಳೆ ಅಂಟಿಕೊಂಡರೂ ಲೆಕ್ಕ ತಪ್ಪುತ್ತದೆ.

ಆಮೇಲೆ ನೀರು ಓಡಿಸುವ ಸಾಮಾನು. ಗಂಟೆಗೆ 3000 ಲೀಟರ್ ಸುತ್ತಮುತ್ತ ನೀರು ತಳ್ಳುವ ವೇವ್‌ಮೇಕರ್, ನಿಮ್ಮ ಟ್ಯಾಂಕಿನ ಒಂದೂವರೆ ಪಟ್ಟು ನೀರಿಗೆ ಸಾಲುವ, ಕೊಳೆಯನ್ನು ನೊರೆಯ ಜೊತೆ ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಲೈಟಿಗೆ ಟೈಮರ್, ಬ್ಯಾಟರಿಯಲ್ಲಿ ಓಡುವ ಏರ್ ಪಂಪ್. ಕೊನೆಯದನ್ನು ಮರೆಯಬೇಡಿ. ಕರೆಂಟ್ ಹೋದಾಗ ಮೀನು ಸಾಯುವುದು ಕತ್ತಲಿಗಲ್ಲ, ಆಮ್ಲಜನಕ ಸಿಗದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ವೇವ್‌ಮೇಕರ್ ಒಂದನ್ನು ಅದಕ್ಕೆ ಸೇರಿಸಿ, ಅದು ಎಳೆಯುವ ಕರೆಂಟ್ ಬಹಳ ಕಡಿಮೆ.

ವೈರಿಂಗ್ ವಿಷಯದಲ್ಲಿ ಸಡಿಲ ಬಿಡಬೇಡಿ. ಉಪ್ಪುನೀರು ಮತ್ತು ಕರೆಂಟ್ ಪಕ್ಕಪಕ್ಕ ಇರುವ ಜಾಗ ಇದು. ಪ್ಲಗ್ ಬೋರ್ಡ್ ನೀರಿಗಿಂತ ಮೇಲೆ, ಟ್ಯಾಂಕಿನ ಪಕ್ಕದ ಗೋಡೆಗೆ ಇರಲಿ. ಪ್ರತಿ ವೈರನ್ನೂ ಪ್ಲಗ್‌ಗಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲೆತ್ತಿ, ಆಗ ವೈರಿನ ಗುಂಟ ಇಳಿದ ಹನಿ ಜೋಲಿನ ತುದಿಯಿಂದ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಇಲ್ಲದ ಮನೆಯಲ್ಲಿ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಟ್ಯಾಂಕ್ ಆಮೇಲೆ.

ಹಂತ 3: ನೀರು, ಎಲ್ಲಕ್ಕಿಂತ ದೊಡ್ಡ ಕೆಲಸ

ನನ್ನ ಮೊದಲ ಟ್ಯಾಂಕಿಗೆ ಬಡಾವಣೆಯ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನುಗಳಲ್ಲಿ ನೀರು ತಂದು ತುಂಬಿದ್ದೆ. ಕುಡಿಯಲು ಸಿಹಿಯಾಗಿತ್ತು. ಆರು ವಾರಕ್ಕೆ ಕಲ್ಲು ಕಾಣದಷ್ಟು ಹಸಿರು ಕೂದಲು ಬೆಳೆಯಿತು. ಆಮೇಲೆ ಮೀಟರ್ ಇಟ್ಟರೆ ಟಿಡಿಎಸ್ 140 ತೋರಿಸಿತು. ಕುಡಿಯುವುದಕ್ಕೆ ಅದು ಒಳ್ಳೆಯ ನೀರೇ, ಘಟಕದವರ ತಪ್ಪೇನೂ ಇಲ್ಲ. ಮನುಷ್ಯ ಕುಡಿಯುವ ನೀರು ಬೇರೆ, ಕಡಲ ಮೀನಿಗೆ ಬೇಕಾದ ನೀರು ಬೇರೆ.

ನಮಗೆ ಬೇಕಾದದ್ದು ಟಿಡಿಎಸ್ 0, ಹೆಚ್ಚೆಂದರೆ 5. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಸಿಲಿಕೇಟ್ ಇರುತ್ತದೆ, ಗದ್ದೆಗೆ ಹಾಕಿದ ಯೂರಿಯಾ ಕೆಳಗಿಳಿದಿದ್ದರೆ ನೈಟ್ರೇಟೂ ಸೇರಿರುತ್ತದೆ. ಸಿಲಿಕೇಟ್ ಕಂದು ಪಾಚಿಗೆ ಊಟ, ನೈಟ್ರೇಟ್ ಹಸಿರು ಪಾಚಿಗೆ ಊಟ. ನಾಲೆಯಿಂದ ಬರುವ ನಲ್ಲಿ ನೀರಿನಲ್ಲಿ ಕ್ಲೋರಿನ್ ಬೇರೆ.

ಮನೆಯಲ್ಲಿ ಆರ್‌ಓ ಇದ್ದರೆ ಅದನ್ನೇ ಬಳಸಬಹುದು, ಆದರೆ ಹಾಗೇ ಅಲ್ಲ. ಬಹಳಷ್ಟು ಮನೆ ಮಷಿನ್‌ಗಳಲ್ಲಿ ರುಚಿಗಾಗಿ ಒಂದಿಷ್ಟು ಹಸಿ ನೀರನ್ನು ಮತ್ತೆ ಬೆರೆಸುವ ಟಿಡಿಎಸ್ ಕಂಟ್ರೋಲರ್ ಇರುತ್ತದೆ, ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ಜೂ ಇರುತ್ತದೆ. ರಿಪೇರಿಯವರನ್ನು ಕರೆಸಿ, ಮೆಂಬ್ರೇನ್ ಆದ ಕೂಡಲೇ, ಇವೆರಡಕ್ಕಿಂತ ಮುಂಚೆ, ಒಂದು ಟೀ ಜಾಯಿಂಟ್ ಹಾಕಿ ಬೇರೆ ಪೈಪ್ ತೆಗೆಸಿ. ಆ ಪೈಪಿನ ತುದಿಗೆ ಡಿಐ ರೆಸಿನ್ (ಉಳಿದ ಲವಣ ಹಿಡಿಯುವ ಹರಳು) ಕಾರ್ಟ್ರಿಜ್ ಜೋಡಿಸಿ. ಮೆಂಬ್ರೇನ್‌ನಿಂದ ನುಸುಳಿದ ಸಿಲಿಕೇಟನ್ನು ಹಿಡಿಯುವುದು ಈ ರೆಸಿನ್. ಮೀಟರ್ 0ಯಿಂದ ಮೇಲೇಳಲು ಶುರುವಾದರೆ ರೆಸಿನ್ ಬದಲಿಸುವ ಹೊತ್ತಾಯಿತು ಅಂತ ಅರ್ಥ. ಹೊರಗೆ ಹೋಗುವ ವೇಸ್ಟ್ ನೀರನ್ನು ಚೆಲ್ಲಬೇಡಿ. ನಲ್ಲಿ ನೀರು ದಿನಾ ಬರದ ಊರು ನಮ್ಮದು, ಪಾತ್ರೆ ತೊಳೆಯಲು, ನೆಲ ಒರೆಸಲು ಅದು ಆಗುತ್ತದೆ.

ಒಂದು ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ. ತಾಮ್ರದ ಬಿಂದಿಗೆ, ತಾಮ್ರದ ಚೊಂಬು, ಹಿತ್ತಾಳೆ ಕೊಳಗ ಈ ನೀರಿನ ಹತ್ತಿರ ಬರಬಾರದು. ತಾಮ್ರ ಬಸವನಹುಳು, ಸಿಗಡಿ, ಏಡಿಗಳಿಗೆ ವಿಷ, ಒಮ್ಮೆ ಕಲ್ಲಿಗೆ ಮರಳಿಗೆ ಹತ್ತಿದರೆ ಸುಲಭವಾಗಿ ಬಿಡುವುದೂ ಇಲ್ಲ. ಊಟಕ್ಕೆ ಬಳಸುವ ದರ್ಜೆಯ ಪ್ಲಾಸ್ಟಿಕ್ ಡ್ರಮ್ಮು, ಬಕೆಟ್ಟು ಹೊಸದಾಗಿ ತಂದು ಇದಕ್ಕೇ ಅಂತ ಇಡಿ. ಔಷಧಿ, ಗೊಬ್ಬರ ತುಂಬಿದ್ದ ಹಳೆ ಕ್ಯಾನು ಎಷ್ಟು ತೊಳೆದರೂ ಬೇಡ. ಹತ್ತಿಗೆ, ಮೆಣಸಿನಕಾಯಿಗೆ, ಭತ್ತಕ್ಕೆ ಸ್ಪ್ರೇ ಹೊಡೆದು ಬಂದವರು ಅವತ್ತು ಟ್ಯಾಂಕಿಗೆ ಕೈ ಹಾಕಬಾರದು, ಸೋಪಿನಲ್ಲಿ ತೊಳೆದಿದ್ದರೂ ಸರಿ. ಸೊಳ್ಳೆ ಸ್ಪ್ರೇ ಕೂಡ ಆ ಕೋಣೆಯಲ್ಲಿ ಹೊಡೆಯಬೇಡಿ, ಏರ್ ಪಂಪ್ ಮತ್ತು ಸ್ಕಿಮ್ಮರ್ ಆ ಗಾಳಿಯನ್ನೇ ನೀರಿಗೆ ಊದುತ್ತವೆ.

ಹಂತ 4: ಬಿಸಿಲಿಗೆ ಮೊದಲೇ ಉತ್ತರ

ನೀರು 25ರಿಂದ 27 ಡಿಗ್ರಿ ಇರಲಿ. 28 ಪರವಾಗಿಲ್ಲ. 30 ದಾಟಿದರೆ ಅಪಾಯ, ಯಾಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಆ ಬಿಸಿಗೇ ಮೀನಿಗೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ಮೇ ತಿಂಗಳಲ್ಲಿ ನಮ್ಮ ಮನೆಯೊಳಗೇ 36 ಇರುತ್ತದೆ. ಹಾಗಾಗಿ ಮೀನು ತರುವ ಮೊದಲೇ ಇದಕ್ಕೆ ದಾರಿ ಮಾಡಿಕೊಳ್ಳಬೇಕು.

ದಾರಿ ಮೂರು. ಚಿಲ್ಲರ್ ತಂದರೆ ನೆಮ್ಮದಿ, ಬೆಲೆ ಜಾಸ್ತಿ. ಅದು ಬಿಸಿ ಗಾಳಿಯನ್ನು ಕೋಣೆಗೇ ಬಿಡುವುದರಿಂದ ಕಿಟಕಿ ಹತ್ತಿರ ಇಡಬೇಕು. ಕೋಣೆಗೆ ಎಸಿ ಇದ್ದು ಬೇಸಿಗೆಯಲ್ಲಿ ಹಗಲೂ ಓಡಿಸುವಂತಿದ್ದರೆ ಚಿಲ್ಲರ್ ಬೇಡ. ಮೂರನೆಯದು ನೀರಿನ ಮೇಲೆ ಅಡ್ಡಲಾಗಿ ಗಾಳಿ ಬೀಸುವ ಚಿಕ್ಕ ಫ್ಯಾನ್. ಆವಿಯಾಗುವಾಗ ನೀರು ತಣ್ಣಗಾಗುತ್ತದೆ, ಮಡಕೆ ನೀರಿನ ಹಾಗೆಯೇ. ನಮ್ಮ ಒಣ ಹವೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಎರಡರಿಂದ ನಾಲ್ಕು ಡಿಗ್ರಿ ಇಳಿಸುತ್ತದೆ. ಆದರೆ ಕೋಣೆಯೇ 36 ಇದ್ದಾಗ ಫ್ಯಾನ್ ಒಂದನ್ನೇ ನಂಬಬೇಡಿ.

ಇಲ್ಲಿ ಪದೇ ಪದೇ ಆಗುವ ಒಂದು ತಪ್ಪಿದೆ. ಅದೇ ಕೋಣೆಯಲ್ಲಿ ನೀರು ಹಾಕುವ ಕೂಲರ್ ಹಚ್ಚಿ ಕಿಟಕಿ ಮುಚ್ಚುತ್ತಾರೆ. ಗಾಳಿ ತೇವ ಆಗುತ್ತದೆ, ಟ್ಯಾಂಕಿನ ನೀರು ಆವಿಯಾಗುವುದು ನಿಲ್ಲುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಇಳಿಯುವುದಿಲ್ಲ. ಕೂಲರ್ ಬೇಕೇ ಬೇಕು ಅಂದರೆ ಎದುರಿನ ಕಿಟಕಿ ತೆರೆದಿಡಿ.

ಗಾಜಿನ ಮುಚ್ಚಳ ತೆಗೆದು, ನೈಲಾನ್ ಸೊಳ್ಳೆ ಪರದೆಯನ್ನು ಚೌಕಟ್ಟಿಗೆ ಬಿಗಿದು ಮುಚ್ಚಿ. ಬಿಸಿ ಹೊರಗೆ ಹೋಗುತ್ತದೆ, ಮೀನು ಹೊರಗೆ ಹಾರುವುದಿಲ್ಲ. ಕಬ್ಬಿಣದ ಜಾಲರಿ ಬೇಡ, ತುಕ್ಕು ನೀರಿಗೆ ಇಳಿಯುತ್ತದೆ.

ತುರ್ತಿಗೆ ಅಂತ ಫ್ರೀಜರ್‌ನಲ್ಲಿ ಎರಡು ನೀರಿನ ಬಾಟಲಿ ಗಟ್ಟಿ ಮಾಡಿಟ್ಟಿರಿ. ಮುಚ್ಚಳ ಬಿಗಿದೇ ಇರಲಿ, ಬಾಟಲಿಯನ್ನೇ ತೇಲಿ ಬಿಡಿ, ಐಸ್ ತುಂಡು ಹಾಕಬೇಡಿ. ಗಂಟೆಗೆ ಒಂದು ಡಿಗ್ರಿಗಿಂತ ಜಾಸ್ತಿ ಇಳಿಸಬೇಡಿ. ಬೆಳಗಿನ ಜಾವ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಮ್ಲಜನಕ ಸಾಲದ ಗುರುತು. ಥರ್ಮಾಮೀಟರ್ ಏನೇ ಹೇಳಲಿ, ಮೊದಲು ಏರ್ ಪಂಪ್ ಹಚ್ಚಿ.

ಡಿಸೆಂಬರ್ ರಾತ್ರಿಗಳಿಗೆ 100 ವಾಟ್‌ನ ಒಂದು ಹೀಟರ್ ಇದ್ದರೆ ಸಾಕು.

ಹಂತ 5: ಕಲ್ಲು, ಮರಳು, ಉಪ್ಪು

ತುಂಗಭದ್ರೆಯ ಮರಳು ಬೇಡ. ಚೆನ್ನಾಗಿ ತೊಳೆದಿದ್ದರೂ ಬೇಡ. ಹೊಳೆಮರಳು ಸಿಲಿಕಾ, ನಮಗೆ ಬೇಕಾದದ್ದು ಸುಣ್ಣದಂಶದ ಅರಗೊನೈಟ್. ಮೂರು ಸೆಂಟಿಮೀಟರ್ ದಪ್ಪಕ್ಕೆ ಸುಮಾರು 17 ಕೆಜಿ ಬೇಕು. ಬೆಟ್ಟದ ಗ್ರಾನೈಟ್ ಕಲ್ಲಿನಲ್ಲಿ ರಂಧ್ರ ಇಲ್ಲ, ಬ್ಯಾಕ್ಟೀರಿಯಾಕ್ಕೆ ಮನೆ ಸಿಗುವುದಿಲ್ಲ. ಸಂಡೂರು ಕಡೆಯ ಕೆಂಪು ಕಲ್ಲು ನೋಡಲು ಚಂದ, ಆದರೆ ಅದು ಅದಿರು. ಟ್ಯಾಂಕಿಗೆ ಹಾಕಲೇಬಾರದು.

ಹಾಗಂತ ಕಡಲ ಹವಳದ ಕಲ್ಲನ್ನೂ ತರಬೇಡಿ. ಗಟ್ಟಿ ಹವಳ, ಕಡಲಕುದುರೆ, ಕಡಲಸೌತೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ಕಡಲಿನಿಂದ ತೆಗೆದ "ಲೈವ್ ರಾಕ್" ಅಂತ ಯಾರಾದರೂ ಕದ್ದುಮುಚ್ಚಿ ಮಾರಿದರೆ ಅದು ಹವಳದ ಕಲ್ಲೇ. ಕೊಂಡವರೂ ಸಿಕ್ಕಿಬೀಳುತ್ತಾರೆ, ಅದಕ್ಕಿಂತ ಹೆಚ್ಚಾಗಿ ಅಲ್ಲಿ ಕಡಲು ಬರಿದಾಗುತ್ತದೆ. ರಂಧ್ರಗಳಿರುವ ಸೆರಾಮಿಕ್ ರೀಫ್ ಕಲ್ಲು ಸಿಗುತ್ತದೆ. ಹತ್ತು ಹದಿನೈದು ಕೆಜಿ ತನ್ನಿ, ಗಾಜಿನ ತಳದ ಮೇಲೆ ಮೊದಲು ಕಲ್ಲು ಕೂರಿಸಿ, ಆಮೇಲೆ ಸುತ್ತ ಮರಳು ಹರಡಿ. ಉಲ್ಟಾ ಮಾಡಿದರೆ ಮೀನು ಮರಳು ಕೆದರಿದಾಗ ಕಲ್ಲು ಜಾರಿ ಗಾಜಿಗೆ ಬಡಿಯುತ್ತದೆ. ಹಿಂದಿನ ಗಾಜಿಗೂ ಕಲ್ಲಿಗೂ ನಡುವೆ ನಾಲ್ಕು ಬೆರಳು ಸಂದು ಬಿಡಿ. ನೀರು ಓಡದ ಮೂಲೆಯಲ್ಲೇ ಕಸ ಕೂರುತ್ತದೆ, ಕಸ ಕೂತಲ್ಲಿ ಕೆಂಪು ಲೋಳೆ ಬರುತ್ತದೆ.

ಉಪ್ಪು ಅಂದರೆ ಮರೈನ್ ಸಾಲ್ಟ್ ಮಿಕ್ಸ್. ಅಡುಗೆ ಉಪ್ಪು, ಕಲ್ಲುಪ್ಪು ಯಾವುದೂ ಆಗುವುದಿಲ್ಲ, ಅವುಗಳಲ್ಲಿ ಮೀನಿಗೆ ಬೇಕಾದಷ್ಟು ಮೆಗ್ನೀಸಿಯಮ್ ಇಲ್ಲ, ಕ್ಯಾಲ್ಸಿಯಂ ಇಲ್ಲ. ಲೀಟರಿಗೆ 36ರಿಂದ 38 ಗ್ರಾಂ ಲೆಕ್ಕದಲ್ಲಿ 150 ಲೀಟರಿಗೆ ಸುಮಾರು ಐದೂವರೆ ಕೆಜಿ. ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪ ಉಪ್ಪು, ಒಳಗೊಂದು ಪಂಪ್ ಓಡುತ್ತಿರಲಿ, ಒಂದು ರಾತ್ರಿ ಬಿಡಿ. ಉಪ್ಪಿನ ಮೇಲೆ ನೀರು ಸುರಿದರೆ ತಳದಲ್ಲಿ ಸುಣ್ಣದಂತೆ ಬೆಳ್ಳಗೆ ಕೂತುಬಿಡುತ್ತದೆ, ಮತ್ತೆ ಕರಗುವುದಿಲ್ಲ. ಮರುದಿನ ಅಳೆದಾಗ 35 ಪಿಪಿಟಿ, ಅಂದರೆ ಸಾಪೇಕ್ಷ ಸಾಂದ್ರತೆ 1.025ರಿಂದ 1.026 ಬರಬೇಕು. ಚೀಲದ ಬಾಯಿ ಗಟ್ಟಿಯಾಗಿ ಕಟ್ಟಿಡಿ, ಮಳೆಗಾಲದಲ್ಲಿ ತೇವ ಎಳೆದುಕೊಂಡು ಕಲ್ಲಾಗುತ್ತದೆ.

ಹಂತ 6: ಮೀನಿಲ್ಲದೆ ಓಡಿಸುವ ಆರು ವಾರ

ಇಲ್ಲೇ ಎಲ್ಲರ ತಾಳ್ಮೆ ಮುಗಿಯುವುದು. ನೀರು ತಿಳಿಯಾಗಿದೆ, ಲೈಟು ಹೊಳೆಯುತ್ತಿದೆ, ಮಕ್ಕಳು ಮೀನೆಲ್ಲಿ ಅಂತ ಕೇಳುತ್ತಾರೆ. ಆದರೆ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡುವ, ಆ ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನಲ್ಲಿ ಇನ್ನೂ ಹುಟ್ಟಿಲ್ಲ. ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಬಾಟಲಿಯ ಬ್ಯಾಕ್ಟೀರಿಯಾ ಹಾಕಿದರೆ ಸ್ವಲ್ಪ ಬೇಗ ಆಗಬಹುದು, ಬಿಸಿಲಲ್ಲಿ ಕೊರಿಯರ್ ಗಾಡಿಯೊಳಗೆ ಬೆಂದ ಬಾಟಲಿಯಿಂದ ಏನೂ ಆಗುವುದಿಲ್ಲ.

ಬ್ಯಾಕ್ಟೀರಿಯಾಕ್ಕೆ ಊಟ ಬೇಕು. ಅಮೋನಿಯಂ ಕ್ಲೋರೈಡ್ ಹಾಕಿ, 150 ಲೀಟರಿಗೆ 1 ಗ್ರಾಂಗೆ ತುಸು ಕಡಿಮೆ ಹಾಕಿದರೆ ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಆಗುತ್ತದೆ. ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ ವಸ್ತು, ಆದರೆ ಅಂಗಡಿಯ ನವಸಾಗರ ಶುದ್ಧ ಇರುವುದಿಲ್ಲ. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಶುದ್ಧವಾದದ್ದೇ ಕೇಳಿ. ಎರಡು ದಿನಕ್ಕೊಮ್ಮೆ ಅಳೆದು ಬರೆದಿಡಿ. ಮೊದಲು ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿದು ನೈಟ್ರೇಟ್ ಏರುತ್ತದೆ. ಅಮೋನಿಯಾ 0 ಆದಾಗಲೆಲ್ಲ ಮತ್ತೆ ಅಷ್ಟೇ ಹಾಕಿ. ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ 0 ಆದರೆ ಟ್ಯಾಂಕ್ ಸಿದ್ಧ. ಅವತ್ತು ಅರ್ಧ ನೀರು ಬದಲಿಸಿ ನೈಟ್ರೇಟ್ ಇಳಿಸಿ.

ಈ ಆರು ವಾರ ಲೈಟ್ ಹಾಕಲೇಬೇಡಿ. ಮೀನಿಲ್ಲ, ಹವಳವಿಲ್ಲ, ಬೆಳಕು ಯಾರಿಗೆ? ನೀರಲ್ಲಿ ನೈಟ್ರೇಟ್ ತುಂಬಿರುವ ಹೊತ್ತಿನಲ್ಲಿ ಬೆಳಕು ಕೊಟ್ಟರೆ ಪಾಚಿ ಮೊದಲ ತಿಂಗಳಲ್ಲೇ ಬೇರೂರುತ್ತದೆ. ನಾನು ನೋಡಿದ ಕೆಟ್ಟ ಟ್ಯಾಂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದು ಕಾರಣಕ್ಕೇ ಕೆಟ್ಟವು.

"ಗಟ್ಟಿ ಮೀನು ಬಿಡಿ, ಅದೇ ಸೈಕಲ್ ಮಾಡುತ್ತದೆ", ಅಂದರೆ ಬ್ಯಾಕ್ಟೀರಿಯಾ ಬೆಳೆಸುತ್ತದೆ, ಅಂತ ಅಂಗಡಿಯವರು ನೀಲಿ ಡ್ಯಾಮ್ಸೆಲ್ ಮೀನು ಕೊಡುತ್ತಾರೆ. ಒಪ್ಪಬೇಡಿ. ಆ ಮೀನಿನ ಕಿವಿರು ಸುಡುತ್ತದೆ. ಬದುಕಿದರೆ ಇಡೀ ಟ್ಯಾಂಕ್ ತನ್ನದು ಅಂತ ಆಮೇಲೆ ಬಂದವರನ್ನೆಲ್ಲ ಕಚ್ಚುತ್ತದೆ.

ಹಂತ 7: ಮೀನು

ತೊಟ್ಟಿಯಲ್ಲೇ ಮರಿ ಮಾಡಿಸಿದ ಕ್ಲೌನ್ ಮೀನಿನ ಒಂದು ಜೋಡಿಯಿಂದ ಶುರು ಮಾಡಿ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇವುಗಳ ಮರಿ ಮಾಡಿಸುವ ವಿಧಾನ ಅಭಿವೃದ್ಧಿ ಮಾಡಿದ್ದಾರೆ, ನಮ್ಮ ದೇಶದಲ್ಲೇ ಬೆಳೆದ ಮರಿಗಳು ಸಿಗುತ್ತವೆ. ಒಂದು ತಿಂಗಳ ನಂತರ ಒಂದು ಗೋಬಿ ಅಥವಾ ಬ್ಲೆನ್ನಿ ಮೀನು. ಈ ಅಳತೆಗೆ ಒಟ್ಟು ನಾಲ್ಕು ಚಿಕ್ಕ ಮೀನು, ಅಷ್ಟೇ. ಬ್ಲೂ ಟ್ಯಾಂಗ್ ಬೇಡ, ಅದಕ್ಕೆ ಆರು ಅಡಿ ಟ್ಯಾಂಕ್ ಬೇಕು. ಮ್ಯಾಂಡರಿನ್ ಬೇಡ, ಹೊಸ ಟ್ಯಾಂಕಿನಲ್ಲಿ ಹಸಿದು ಸಾಯುತ್ತದೆ.

ನಮಗೆ ಮೀನು ಬರುವುದು ಬೆಂಗಳೂರು, ಚೆನ್ನೈ ಕಡೆಯಿಂದ ಥರ್ಮಾಕೋಲ್ ಡಬ್ಬದಲ್ಲಿ, ರಾತ್ರಿ ಬಸ್ಸಿನಲ್ಲಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ನೀವೇ ಹೋಗಿ, ಬಿಸಿಲೇರುವ ಮೊದಲು ಮನೆಗೆ ತನ್ನಿ. ಚೀಲ ಬಿಚ್ಚದೆ ಇಪ್ಪತ್ತು ನಿಮಿಷ ತೇಲಿ ಬಿಡಿ. ಬಿಚ್ಚಿದ ಮೇಲೆ ತಡ ಮಾಡಬೇಡಿ. ಹತ್ತು ಹನ್ನೆರಡು ಗಂಟೆ ಚೀಲದಲ್ಲಿದ್ದ ನೀರಿನಲ್ಲಿ ಅಮೋನಿಯಾ ತುಂಬಿರುತ್ತದೆ, ಬಾಯಿ ತೆರೆದು ಗಾಳಿ ತಾಕಿದ ಕೂಡಲೇ ಪಿಎಚ್ ಏರಿ ಆ ಅಮೋನಿಯಾ ವಿಷವಾಗುತ್ತದೆ. ಒಂದೊಂದೇ ಹನಿ ಬಿಡುತ್ತಾ ಒಂದು ಗಂಟೆ ಕೂರುವುದು ದೂರದಿಂದ ಬಂದ ಮೀನಿಗೆ ಒಳ್ಳೆಯದಲ್ಲ. ಮಾರುವವರನ್ನು ಮೊದಲೇ ಅವರ ನೀರಿನ ಉಪ್ಪು ಎಷ್ಟು ಅಂತ ಕೇಳಿ, ನಿಮ್ಮ ಕ್ವಾರಂಟೈನ್ ತೊಟ್ಟಿಯನ್ನು ಅದೇ ಅಳತೆಗೆ ಇಟ್ಟುಕೊಂಡು ನೇರ ಅದಕ್ಕೆ ಬಿಡಿ. ಚೀಲದ ನೀರು ಟ್ಯಾಂಕಿಗೆ ಹಾಕಬೇಡಿ.

ಕ್ವಾರಂಟೈನ್ ಅಂದರೆ 40 ಲೀಟರಿನ ಬೇರೆ ತೊಟ್ಟಿ, ಅದಕ್ಕೇ ಬೇರೆ ಜಾಲರಿ, ಬೇರೆ ಪೈಪು, ನಾಲ್ಕು ವಾರ. ಮೈಮೇಲೆ ಉಪ್ಪು ಉದುರಿಸಿದಂಥ ಬಿಳಿ ಚುಕ್ಕೆ, ಚಿನ್ನದ ಹುಡಿಯಂಥ ಪದರ, ಜೋರು ಉಸಿರು ಇವು ಎಚ್ಚರಿಕೆಯ ಗುರುತು. ತಾಮ್ರದ ಔಷಧಿ ಕೊಡುವುದಿದ್ದರೆ ಈ ತೊಟ್ಟಿಯಲ್ಲಿ ಮಾತ್ರ.

ಹಂತ 8: ಪಾಚಿ ಬಂತು, ಮೊದಲು ಯಾವುದು ಅಂತ ನೋಡಿ

ಎಲ್ಲ ಸರಿ ಮಾಡಿದರೂ ಪಾಚಿ ಬರುತ್ತದೆ. ಹೊಸ ಟ್ಯಾಂಕಿಗೆ ಅದು ಸಹಜ. ಸರಿಯಾಗಿ ಶುರು ಮಾಡಿದವರಿಗೆ ಬಂದು ಹೋಗುತ್ತದೆ, ಅವಸರ ಮಾಡಿದವರಿಗೆ ಬಂದು ಉಳಿಯುತ್ತದೆ. ಆದರೆ ಎಲ್ಲ ಪಾಚಿಗೂ ಒಂದೇ ಮದ್ದಿಲ್ಲ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದನ್ನು ಬೆಳೆಸುತ್ತದೆ.

ಕಂದು ಹುಡಿ. ಮರಳು, ಗಾಜಿನ ಮೇಲೆ ಕೋಕೋ ಪುಡಿ ಉದುರಿದಂತೆ. ಬೆರಳಿಂದ ಒರೆಸಿದರೆ ಹೋಗುತ್ತದೆ. ಇದು ಡಯಾಟಮ್. ಮೂರ್ನಾಲ್ಕು ವಾರದಲ್ಲಿ ಸಿಲಿಕೇಟ್ ಮುಗಿದಂತೆ ತಾನೇ ಹೋಗುತ್ತದೆ. ಹೋಗದಿದ್ದರೆ ಡಿಐ ರೆಸಿನ್ ನೋಡಿ. ಬೇರೇನೂ ಮಾಡಬೇಡಿ.

ಹಸಿರು ಕೂದಲು. ಇದೇ ನಮ್ಮವರನ್ನು ಜಾಸ್ತಿ ಕಾಡುವುದು. ಟೆಸ್ಟ್ ಮಾಡಿದರೆ ಫಾಸ್ಫೇಟ್ 0 ತೋರಿಸುತ್ತದೆ, "ನೀರು ಚೆನ್ನಾಗಿದೆ, ಆದರೂ ಪಾಚಿ" ಅಂತ ಗಾಬರಿಯಾಗುತ್ತಾರೆ. ನೀರಲ್ಲಿ ಇಲ್ಲ ಯಾಕೆಂದರೆ ಪಾಚಿ ಅದನ್ನು ತಿಂದಿದೆ. ಹಾಗಾಗಿ ಮೊದಲ ಕೆಲಸ ಕೈಯಿಂದ ಕೀಳುವುದು. ಪಂಪ್ ನಿಲ್ಲಿಸಿ, ಒಂದು ಕೈಯಲ್ಲಿ ನೀರು ಎಳೆಯುವ ಪೈಪು, ಇನ್ನೊಂದರಲ್ಲಿ ಹೊಸ ಟೂತ್‌ಬ್ರಷ್. ಕಿತ್ತ ಎಳೆ ತೇಲುವ ಮೊದಲೇ ಪೈಪಿನೊಳಗೆ ಹೋಗಬೇಕು, ಇಲ್ಲದಿದ್ದರೆ ಹರಿದ ಎಳೆಗಳು ಬೇರೆ ಕಲ್ಲಿನ ಮೇಲೆ ಕೂತು ಬೆಳೆಯುತ್ತವೆ. ತೀರಾ ಜಾಸ್ತಿ ಇದ್ದರೆ ಕಲ್ಲನ್ನೇ ಹೊರತೆಗೆದು ಟ್ಯಾಂಕಿನ ನೀರಿರುವ ಬಕೆಟ್ಟಿನಲ್ಲಿ ಉಜ್ಜಿ, ಆ ನೀರು ಚೆಲ್ಲಿ. ವಾರಕ್ಕೆರಡು ಸಲ, ಒಂದು ತಿಂಗಳು ಬಿಡದೆ ಮಾಡಿ.

ಜೊತೆಗೆ ಲೈಟನ್ನು ದಿನಕ್ಕೆ ಆರು ಗಂಟೆಗೆ ಇಳಿಸಿ. ಊಟವನ್ನು ಒಂದು ನಿಮಿಷದಲ್ಲಿ ಮುಗಿಯುವಷ್ಟಕ್ಕೆ ಇಳಿಸಿ, ಫ್ರೋಜನ್ ಊಟ ಇದ್ದರೆ ಟೀ ಸೋಸುವ ಪ್ಲಾಸ್ಟಿಕ್ ಜರಡಿಯಲ್ಲಿ ತೊಳೆದು ಹಾಕಿ. ಇಷ್ಟಾದ ಮೇಲೆ ಟರ್ಬೋ ಬಸವನಹುಳು ತನ್ನಿ, ನಾಲ್ಕೈದು ಸಾಕು. ಅವು ಉದ್ದ ಕೂದಲು ತಿನ್ನುವುದಿಲ್ಲ, ನೀವು ಕಿತ್ತ ಮೇಲೆ ಉಳಿದ ಮೋಟು ತಿನ್ನುತ್ತವೆ. ಮೀನಿಗೆ ಹೇಳಿದ್ದಕ್ಕೆ ಉಲ್ಟಾ, ಇವುಗಳನ್ನು ಒಂದೊಂದೇ ಹನಿ ಬಿಟ್ಟು ಒಂದು ಗಂಟೆ ನಿಧಾನವಾಗಿ ಒಗ್ಗಿಸಿ, ಉಪ್ಪು ಥಟ್ಟನೆ ಬದಲಾದರೆ ತಡೆಯುವುದಿಲ್ಲ. ಫಾಸ್ಫೇಟ್ ಹೀರುವ ಕಬ್ಬಿಣದ ಹರಳು ಬಳಸುವುದಾದರೆ ಡಬ್ಬದ ಮೇಲೆ ಬರೆದದ್ದರ ಅರ್ಧದಿಂದ ಶುರು ಮಾಡಿ.

ಯಾಕೆ ಅರ್ಧ ಅಂದರೆ, ನೈಟ್ರೇಟ್ ಫಾಸ್ಫೇಟ್ ಎರಡನ್ನೂ 0ಗೆ ತಂದವರ ಮನೆಗೆ ಇನ್ನೂ ಕೆಟ್ಟದ್ದು ಬರುತ್ತದೆ.

ಕಂದು ಲೋಳೆ, ಗುಳ್ಳೆ ಸಮೇತ. ಮೂಗಿನ ಸಿಂಬಳದಂತೆ ಎಳೆಎಳೆಯಾಗಿ ಜೋಲುತ್ತದೆ, ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ಮಾಯ, ಮಧ್ಯಾಹ್ನ ಮತ್ತೆ ಹಾಜರು. ಬಸವನಹುಳು ಸಾಯುತ್ತವೆ. ಇದು ಡೈನೋಫ್ಲಾಜೆಲೇಟ್, ನಮ್ಮವರು ಡೈನೋ ಅನ್ನುತ್ತಾರೆ. ಡಯಾಟಮ್ ಹೌದೋ ಇದು ಹೌದೋ ಅಂತ ಗೊತ್ತಾಗದಿದ್ದರೆ ಒಂದಿಷ್ಟನ್ನು ಬಾಟಲಿಗೆ ತೆಗೆದು ಜೋರಾಗಿ ಅಲ್ಲಾಡಿಸಿ, ಟಿಶ್ಯೂ ಪೇಪರ್‌ನಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಮತ್ತೆ ಎಳೆಎಳೆಯಾಗಿ ಕೂಡಿಕೊಂಡರೆ ಡೈನೋ. ಇದಕ್ಕೆ ನೀರು ಬದಲಿಸುವುದನ್ನು ನಿಲ್ಲಿಸಬೇಕು, ಫಾಸ್ಫೇಟ್ ಹೀರುವುದನ್ನು ತೆಗೆಯಬೇಕು, ಊಟ ಸ್ವಲ್ಪ ಜಾಸ್ತಿ ಮಾಡಬೇಕು. ನೈಟ್ರೇಟ್ 5ರಿಂದ 15, ಫಾಸ್ಫೇಟ್ 0.05ರಿಂದ 0.1 ಪಿಪಿಎಂ ನಡುವೆ ಬರಲಿ. ಬೇರೆ ಜೀವಿಗಳು ಬೆಳೆದು ಇದರ ಜಾಗ ಹಿಡಿಯುತ್ತವೆ. ಮೂರು ದಿನ ಟ್ಯಾಂಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿದರೆ ಬಲ ಕುಂದುತ್ತದೆ, ಆದರೆ ಮೇಲ್ಭಾಗ ತೆರೆದಿರಲಿ, ಏರ್ ಪಂಪ್ ಓಡುತ್ತಿರಲಿ.

ಕೆಂಪು ಹೊದಿಕೆ. ಕುಂಕುಮ ಕಲಸಿದ ತೆಳು ಬಟ್ಟೆಯಂತೆ ಮರಳನ್ನು ಮುಚ್ಚುತ್ತದೆ, ಹಾಳೆಯಂತೆ ಸುಲಿದು ಬರುತ್ತದೆ, ಕೆಟ್ಟ ವಾಸನೆ. ಇದು ಪಾಚಿಯಲ್ಲ, ಸೈನೋಬ್ಯಾಕ್ಟೀರಿಯಾ. ನೀರು ಓಡದ ಜಾಗದಲ್ಲಿ ಬರುತ್ತದೆ. ಪೈಪಿನಿಂದ ಎಳೆದು ತೆಗೆಯಿರಿ, ವೇವ್‌ಮೇಕರ್ ಮುಖವನ್ನು ಆ ಕಡೆ ತಿರುಗಿಸಿ. ಮೆಡಿಕಲ್ ಶಾಪಿನ ಆ್ಯಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಕಲ್ಲಿನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟಾಗಿ ಅಮೋನಿಯಾ ಏರಬಹುದು.

ಹಸಿರು ಗೋಲಿ. ಗಾಜಿನ ಮಣಿಯಂಥ ಗುಳ್ಳೆ. ಟ್ಯಾಂಕಿನೊಳಗೆ ಒಡೆಯಬೇಡಿ. ಕಲ್ಲು ಹೊರತೆಗೆದು ಬುಡಸಮೇತ ಕೀಳಿ.

ಹಂತ 9: ದಿನದ ನೀರು, ವಾರದ ಕೆಲಸ, ಊರಿಗೆ ಹೋಗುವಾಗ

ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಇದನ್ನು ಮರೆತು ಕಮ್ಮಿಯಾದ ನೀರಿಗೆ ಉಪ್ಪುನೀರೇ ಸುರಿಯುವವರು ಇನ್ನೂ ಇದ್ದಾರೆ. ಗಾಜಿಗೆ ಒಂದು ಟೇಪ್ ಅಂಟಿಸಿ ಗೆರೆ ಹಾಕಿ, ದಿನಾ ಬೆಳಿಗ್ಗೆ ಆ ಗೆರೆಯವರೆಗೆ ಡಿಐ ರೆಸಿನ್ ದಾಟಿ ಬಂದ ಬರೀ ಆರ್‌ಓ ನೀರು ಹಾಕಿ. ಫ್ಯಾನ್ ಓಡುವ ಏಪ್ರಿಲ್‌ನಲ್ಲಿ ದಿನಕ್ಕೆ 3 ಲೀಟರ್ ಹೋಗುತ್ತದೆ. ಏಳು ದಿನ ಯಾರೂ ಹಾಕದಿದ್ದರೆ 35 ಇದ್ದ ಉಪ್ಪು 40 ದಾಟುತ್ತದೆ. ತಾನೇ ನೀರು ತುಂಬುವ ಆಟೋ ಟಾಪ್‌ಅಪ್ ತರಲು ಸಾಧ್ಯವಾದರೆ ಲೈಟಿಗಿಂತ ಮೊದಲು ಅದನ್ನು ತನ್ನಿ.

ವಾರಕ್ಕೊಮ್ಮೆ 15 ಲೀಟರ್ ನೀರು ಬದಲಿಸಿ. ಹೊಸ ನೀರು ಅದೇ ಉಪ್ಪು, ಅದೇ ಬಿಸಿ ಇರಲಿ. ಮಾಳಿಗೆ ಮೇಲಿನ ಡ್ರಮ್ಮಿನಿಂದ ನೇರ ತಂದ ನೀರು ಬೇಸಿಗೆಯಲ್ಲಿ ಕೈ ಸುಡುತ್ತದೆ, ಅದನ್ನು ಹಿಂದಿನ ದಿನವೇ ಒಳಗೆ ತಂದಿಡಿ. ಸ್ಕಿಮ್ಮರ್ ಕಪ್ ತೊಳೆಯುವುದು, ಗಾಜು ಒರೆಸುವುದು, ನೈಟ್ರೇಟ್, ಫಾಸ್ಫೇಟ್ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುವುದು, ಎಲ್ಲ ಸೇರಿ ಒಂದು ಗಂಟೆಯ ಕೆಲಸ.

ಜಾತ್ರೆಗೋ ಮದುವೆಗೋ ನಾಲ್ಕು ದಿನ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಊಟದ ಡಬ್ಬ ಕೊಟ್ಟು ಹೋಗಬೇಡಿ. ಪ್ರೀತಿಯಿಂದಲೇ ಅವರು ಮುಷ್ಟಿ ತುಂಬ ಹಾಕುತ್ತಾರೆ, ನೀವು ಬರುವಷ್ಟರಲ್ಲಿ ನೀರು ಹಾಲಿನಂತಾಗಿರುತ್ತದೆ. ಚಿಟಿಕೆ ಚಿಟಿಕೆ ಊಟವನ್ನು ಬೇರೆ ಬೇರೆ ಕಾಗದದಲ್ಲಿ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದಿಡಿ, ಡಬ್ಬವನ್ನು ಬೀರುವಿನೊಳಗೆ ಇಟ್ಟು ಬೀಗ ಹಾಕಿ. ಪಕ್ಕದಲ್ಲಿ ಆರ್‌ಓ ನೀರಿನ ಕ್ಯಾನು ಇಟ್ಟು, ಗಾಜಿನ ಮೇಲಿನ ಗೆರೆಯನ್ನು ಬೆರಳಿಟ್ಟು ತೋರಿಸಿ, "ಅಕ್ಕಾ, ಇಲ್ಲಿವರೆಗೆ ಮಾತ್ರ" ಅಂತ ಹೇಳಿ ಹೋಗಿ.